ಸೇನೆಗೆ ಹಗುರ ಹೆಲಿಕಾಪ್ಟರ್ ಆರಿಸುವುದು ಹೇಗೆ: ಮೊದಲು ಜಾಗ, ಆಮೇಲೆ ಯಂತ್ರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ವಾಚನಾಲಯದಲ್ಲಿ ಭಾನುವಾರ ಸೇರುವ ಮಕ್ಕಳಿಗೆ ಮೂರು ವರ್ಷದಿಂದ ಒಂದೇ ಅಭ್ಯಾಸ ಕೊಡುತ್ತಿದ್ದೇನೆ. ಸೇನೆಗೆ ಒಂದು ಲೈಟ್ ಯುಟಿಲಿಟಿ ಹೆಲಿಕಾಪ್ಟರ್, ಅಂದರೆ ಜನ, ಸಾಮಾನು ಸಾಗಿಸುವ ಹಗುರ ಹೆಲಿಕಾಪ್ಟರ್ ಆರಿಸಿ, ಅದೇ ಯಾಕೆ ಅಂತ ನಾಲ್ಕು ಹಾಳೆಯಲ್ಲಿ ಬರೆದು ತನ್ನಿ. ಬರುವವರಲ್ಲಿ ಎನ್‌ಸಿಸಿ ಮಕ್ಕಳಿದ್ದಾರೆ, ಸೇನಾ ಅಧಿಕಾರಿಗಳ ಆಯ್ಕೆಯ ಎಸ್‌ಎಸ್‌ಬಿ ಸಂದರ್ಶನಕ್ಕೆ ತಯಾರಾಗುವವರಿದ್ದಾರೆ, ಎಂಜಿನಿಯರಿಂಗ್ ಓದುವವರೂ ಇದ್ದಾರೆ. ಎಲ್ಲರೂ ಚುರುಕು. ಆದರೆ ಮೂರು ವರ್ಷವೂ ಹಾಳೆಗಳು ಒಂದೇ ಕಡೆ ಎಡವಿದವು.

ಬ್ರೋಷರ್‌ನಿಂದ ವೇಗ, ಎತ್ತರ, ದೂರ ತೆಗೆದು ಒಂದು ಟೇಬಲ್ ಮಾಡುತ್ತಾರೆ. ಯಾವುದರ ಅಂಕಿ ದೊಡ್ಡದೋ ಅದೇ ಗೆದ್ದಿತು ಅಂತ ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು. ನಾನು ಸೇನೆಯಲ್ಲಿ ವರ್ಷಗಟ್ಟಲೆ ಹೆಲಿಕಾಪ್ಟರ್ ನಿರ್ವಹಣೆಯ ಕೆಲಸದಲ್ಲಿದ್ದವನು, ಹಾಗೆ ಆರಿಸಿದ ಯಂತ್ರ ಬೇಕಾದ ದಿನ ಬೇಕಾದ ಜಾಗದಲ್ಲಿ ಏಳುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಈ ಸಲ ಪೂರ್ತಿ ಕ್ರಮವನ್ನು ಬರೆದು ಕೊಡುತ್ತಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಹೆಚ್ಚಿನ ತಪ್ಪುಗಳು ಕ್ರಮ ತಪ್ಪಿದ್ದರಿಂದಲೇ ಆಗಿವೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್, ಅಳತೆ ಟೇಪು, ಸೀಮೆಸುಣ್ಣ. ಎತ್ತರದ ಗೆರೆಗಳಿರುವ ಭೂಪಟ. ಹೆಲಿಕಾಪ್ಟರ್ ಇಳಿಯಬೇಕಾದ ಜಾಗದ ತಿಂಗಳುವಾರು ತಾಪಮಾನ. ಇವೆಲ್ಲ ಸುಲಭ.

ಮುಖ್ಯವಾದ್ದು ಫ್ಲೈಟ್ ಮ್ಯಾನುಯಲ್‌ನ ಪರ್ಫಾರ್ಮೆನ್ಸ್ ಚಾರ್ಟ್. ಎತ್ತರ ಮತ್ತು ತಾಪಮಾನ ಕೊಟ್ಟರೆ ಎಷ್ಟು ಭಾರದಲ್ಲಿ ಯಂತ್ರ ಗಾಳಿಯಲ್ಲಿ ನಿಲ್ಲಬಲ್ಲದು ಅಂತ ಹೇಳುವ ಗೆರೆಗಳ ಚಿತ್ರ ಅದು. ಅದರ ಕೆಲಸವನ್ನು ಬ್ರೋಷರ್ ಮಾಡುವುದಿಲ್ಲ. ಕೆಲವು ಯಂತ್ರಗಳ ಚಾರ್ಟ್ ತಯಾರಕರ ಟೆಕ್ನಿಕಲ್ ಡೇಟಾ ಪುಸ್ತಿಕೆಯಲ್ಲೇ ಸಿಗುತ್ತದೆ. ಸಿಗದಿದ್ದರೆ ಟೇಬಲ್‌ನಲ್ಲಿ ಆ ಮನೆಯನ್ನು ಖಾಲಿ ಬಿಡಿ. ಅಂದಾಜಿನ ಅಂಕಿ ತುಂಬಬೇಡಿ. ಖಾಲಿ ಮನೆ ನೋಡಿದವನು ಪ್ರಶ್ನೆ ಕೇಳುತ್ತಾನೆ, ಸುಳ್ಳು ಅಂಕಿ ನೋಡಿದವನು ಕೇಳುವುದಿಲ್ಲ.

ಹಂತ 1: ಕೆಲಸವನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ

ಹೆಲಿಕಾಪ್ಟರ್‌ನ ಹೆಸರು ಇನ್ನೂ ಬರಬಾರದು. ಏನು ಮಾಡಬೇಕು ಅಂತ ಮಾತ್ರ ಬರೆಯಿರಿ. ಯಾರನ್ನು ಅಥವಾ ಏನನ್ನು, ಎಷ್ಟು ಕೆಜಿ, ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರದಲ್ಲಿ, ಯಾವ ತಿಂಗಳು, ಹಗಲೋ ರಾತ್ರಿಯೋ.

ಉದಾಹರಣೆಗೆ: "ಆಗಸ್ಟ್‌ನ ಮಧ್ಯಾಹ್ನ, 5000 ಮೀಟರ್ ಎತ್ತರದ ಪೋಸ್ಟ್‌ನಿಂದ ಗಾಯಗೊಂಡ ಒಬ್ಬ ಜವಾನ, ಜೊತೆಗೆ ಒಬ್ಬ ನರ್ಸಿಂಗ್ ಸಹಾಯಕ, ಅರ್ಧ ಗಂಟೆ ದೂರದ ಆಸ್ಪತ್ರೆಗೆ." ಇದು ಕೆಲಸ. "ಬಹುಪಯೋಗಿ, ಎಲ್ಲ ಹವಾಮಾನಕ್ಕೂ ಸೂಕ್ತ" ಅಂತ ಬರೆದರೆ ಅದರಿಂದ ಲೆಕ್ಕ ಮಾಡಲು ಏನೂ ಸಿಗುವುದಿಲ್ಲ.

ಹೀಗೆ ಐದಾರು ಕೆಲಸ ಬರೆದ ಮೇಲೆ ಎರಡಕ್ಕೆ ಗೆರೆ ಎಳೆಯಿರಿ. ಅತಿ ಕಷ್ಟದ ಕೆಲಸಕ್ಕೊಂದು, ದಿನಾ ಬರುವ ಕೆಲಸಕ್ಕೊಂದು. ಮಕ್ಕಳು ಇದರಲ್ಲಿ ಒಂದನ್ನು ಮಾತ್ರ ಹಿಡಿಯುತ್ತಾರೆ. ಕಷ್ಟದ್ದನ್ನು ಮಾತ್ರ ನೋಡಿದರೆ ತುಂಬಾ ದುಬಾರಿ ಯಂತ್ರ ಬರುತ್ತದೆ, ದಿನದ್ದನ್ನು ಮಾತ್ರ ನೋಡಿದರೆ ಜೀವ ಹೋಗುವ ದಿನ ಕೈಕೊಡುತ್ತದೆ.

ಯಾವ ಕೆಲಸ ಇದರದ್ದಲ್ಲ ಅಂತಲೂ ಬರೆಯಿರಿ. ಅಮೆರಿಕದ ಸೇನೆ 2006ರಲ್ಲಿ ಲಕೋಟಾ ಎಂಬ ಹಗುರ ಹೆಲಿಕಾಪ್ಟರನ್ನು ಆರಿಸಿದಾಗ ಇದು ಯುದ್ಧ ನಡೆಯುವ ಜಾಗಕ್ಕಲ್ಲ ಅಂತ ಮೊದಲೇ ಗೆರೆ ಎಳೆದಿತ್ತು. ದೇಶದೊಳಗಿನ ಸಾಗಾಟ, ಗಾಯಾಳು ಸಾಗಣೆಯಂಥ ಕೆಲಸ ಇದು ಮಾಡಲಿ, ದೊಡ್ಡ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ಕದನಕ್ಕೆ ಉಳಿಯಲಿ ಎನ್ನುವುದು ಅವರ ಲೆಕ್ಕ. ಆ ಗೆರೆ ಇದ್ದದ್ದರಿಂದಲೇ ನಾಗರಿಕ ಬಳಕೆಯ ಯಂತ್ರವನ್ನು ಹೆಚ್ಚು ಬದಲಾವಣೆ ಇಲ್ಲದೆ ತೆಗೆದುಕೊಳ್ಳಲು ಸಾಧ್ಯವಾಯಿತು.

ನಮ್ಮ ಊರಿನವರಿಗೆ ಈ ಹಂತ ಬೇಗ ಅರ್ಥವಾಗಬೇಕು. ಎಣ್ಮಕಜೆ, ಪಡ್ರೆ ಕಡೆಯ ಹಿರಿಯರಿಗೆ ಹೆಲಿಕಾಪ್ಟರ್ ಅಂದರೆ ಈಗಲೂ ಗೇರು ತೋಟದ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಬಿಡುತ್ತಿದ್ದ ಯಂತ್ರವೇ. 2000ದವರೆಗೂ ಅದು ನಡೆಯಿತು. ಅದೇ ಜಿಲ್ಲೆಯ ಮಕ್ಕಳಿಗೆ ಹೆಲಿಕಾಪ್ಟರ್ ಅಂದರೆ 2018ರ ನೆರೆಯಲ್ಲಿ ಮನೆಯ ಮಾಡಿನಿಂದ ಜನರನ್ನು ಹಗ್ಗದಲ್ಲಿ ಎತ್ತಿದ್ದು. ಯಂತ್ರದ ಬಗ್ಗೆ ಮಾತಾಡುವ ಮೊದಲು ಕೆಲಸದ ಬಗ್ಗೆ ಮಾತಾಡಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಹಂತ 2: ಜಾಗದ ನಿಜವಾದ ಎತ್ತರ ಕಂಡುಹಿಡಿಯಿರಿ

ಇಲ್ಲಿ ಜಾಸ್ತಿ ಹೊತ್ತು ಕೊಡಿ. ಹೆಲಿಕಾಪ್ಟರ್‌ಗೆ ಭೂಪಟದ ಎತ್ತರ ಗೊತ್ತಿಲ್ಲ, ಗಾಳಿ ಎಷ್ಟು ತೆಳ್ಳಗಿದೆ ಅನ್ನುವುದು ಮಾತ್ರ ಗೊತ್ತು. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಬಿಸಿಯಾದರೆ ಇನ್ನೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಎಂಜಿನ್‌ನ ಶಕ್ತಿ ಇಳಿಯುತ್ತದೆ, ರೋಟರ್‌ಗೂ ಹಿಡಿತ ಸಿಗುವುದಿಲ್ಲ. ಎರಡೂ ಒಟ್ಟಿಗೆ ಆಗುವುದರಿಂದ ಪೆಟ್ಟು ದೊಡ್ಡದು. ಎತ್ತರ ಮತ್ತು ಬಿಸಿ ಎರಡನ್ನೂ ಸೇರಿಸಿದ ಲೆಕ್ಕಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ.

ಲೆಕ್ಕ ಕಷ್ಟವಿಲ್ಲ. ಸಮುದ್ರ ಮಟ್ಟದಲ್ಲಿ ಪ್ರಮಾಣಿತ ತಾಪಮಾನ 15 ಡಿಗ್ರಿ. ಪ್ರತಿ 1000 ಮೀಟರ್ ಮೇಲೆ ಹೋದಾಗ 6.5 ಡಿಗ್ರಿ ಕಳೆಯಿರಿ. ಸಿಕ್ಕಿದ್ದು ಆ ಎತ್ತರದ ಪ್ರಮಾಣಿತ ತಾಪಮಾನ. ಅಲ್ಲಿ ನಿಜವಾಗಿ ಇರುವ ತಾಪಮಾನ ಅದಕ್ಕಿಂತ ಎಷ್ಟು ಡಿಗ್ರಿ ಜಾಸ್ತಿಯೋ, ಒಂದೊಂದು ಡಿಗ್ರಿಗೆ ಸುಮಾರು 36 ಮೀಟರ್ ಎತ್ತರ ಸೇರಿಸಿ.

ನಮ್ಮಲ್ಲೇ ಮಾಡಿ ನೋಡೋಣ. ಕುಂಬಳೆ ಕಡಲ ತೀರ, ಏಪ್ರಿಲ್ ಮಧ್ಯಾಹ್ನ, 34 ಡಿಗ್ರಿ. ಪ್ರಮಾಣಿತಕ್ಕಿಂತ 19 ಜಾಸ್ತಿ. 19ಕ್ಕೆ 36 ಗುಣಿಸಿದರೆ ಸುಮಾರು 680. ಅಂದರೆ ನೀವು ಕಡಲಿನ ನೀರಿನಲ್ಲಿ ಕಾಲಿಟ್ಟು ನಿಂತಿದ್ದರೂ ಹೆಲಿಕಾಪ್ಟರ್ ಮಾತ್ರ ಸುಮಾರು 700 ಮೀಟರ್ ಗುಡ್ಡೆಯ ಮೇಲೆ ಇದ್ದಂತೆ ಒದ್ದಾಡುತ್ತದೆ. ಸೆಕೆಯ ತೇವ ಇನ್ನೂ ಸ್ವಲ್ಪ ಸೇರಿಸುತ್ತದೆ.

ಈಗ ಲೇಹ್. ಎತ್ತರ 3300 ಮೀಟರ್. ಪ್ರಮಾಣಿತ ತಾಪಮಾನ ಸೊನ್ನೆಗಿಂತ ಸುಮಾರು 6 ಡಿಗ್ರಿ ಕೆಳಗೆ. ಬೇಸಿಗೆಯ ಮಧ್ಯಾಹ್ನ 25 ಡಿಗ್ರಿ ಇದ್ದರೆ ವ್ಯತ್ಯಾಸ 31. ಯಂತ್ರದ ಪಾಲಿಗೆ ಎತ್ತರ ಸುಮಾರು 4400 ಮೀಟರ್ ಆಯಿತು. ಲಡಾಖ್ ಅಂದರೆ ಚಳಿ, ಚಳಿಯಲ್ಲಿ ಹೆಲಿಕಾಪ್ಟರ್‌ಗೆ ಒಳ್ಳೆಯದು ಅಂತ ಬರೆದ ಹಾಳೆಗಳು ನನ್ನ ಹತ್ತಿರ ಎಂಟು ಹತ್ತು ಇವೆ. ಚಳಿಗಾಲಕ್ಕೆ ಅದು ಸರಿ. ಆದರೆ ಲೆಕ್ಕವನ್ನು ವರ್ಷದ ಅತಿ ಕೆಟ್ಟ ಮಧ್ಯಾಹ್ನಕ್ಕೆ ಮಾಡಬೇಕು.

ನಮ್ಮ ಸರಕಾರಿ ವಿಮಾನ ಕಂಪನಿ ಎಚ್‌ಎಎಲ್ ತಯಾರಿಸಿದ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್ ಅನ್ನು 2019ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಲೇಹ್‌ಗೆ ಒಯ್ದು, ಅಲ್ಲಿಂದ ಸುಮಾರು 5000 ಮೀಟರ್ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿ ನೋಡಿದ್ದು ಈ ಕಾರಣಕ್ಕೇ. ಆ ಪರೀಕ್ಷೆಯ ತಾಪಮಾನ ಪ್ರಮಾಣಿತಕ್ಕಿಂತ 27 ಡಿಗ್ರಿ ಜಾಸ್ತಿ. ಲೆಕ್ಕ ಹಾಕಿ, ಯಂತ್ರಕ್ಕೆ ಅದು 6000 ಮೀಟರ್‌ನ ಹತ್ತಿರ.

ಈ ಹಂತದ ಎಚ್ಚರಿಕೆ: "ಸರ್ವಿಸ್ ಸೀಲಿಂಗ್" ಎಂಬ ಒಂದೇ ಅಂಕಿ ಕೊಟ್ಟು ಸುಮ್ನಿರುವ ಕಾಗದವನ್ನು ನಂಬಬೇಡಿ. ಅದು ಮುಂದಕ್ಕೆ ಹಾರುತ್ತಾ ತಲುಪಬಹುದಾದ ಎತ್ತರ. ನಮಗೆ ಬೇಕಾದ್ದು ನಿಂತಲ್ಲೇ ನಿಲ್ಲಬಲ್ಲ ಎತ್ತರ, ಅಂದರೆ ಹೋವರ್. ಹೋವರ್‌ನಲ್ಲೂ ಎರಡು ಬಗೆ ಇದೆ. ನೆಲದ ಹತ್ತಿರ ನಿಂತರೆ ರೋಟರ್‌ನ ಗಾಳಿ ನೆಲಕ್ಕೆ ಬಡಿದು ಸ್ವಲ್ಪ ಸಹಾಯ ಆಗುತ್ತದೆ. ರೋಟರ್‌ನ ಅಗಲದಷ್ಟು ಮೇಲೆ ಹೋದರೆ ಆ ಸಹಾಯ ಹೆಚ್ಚುಕಡಿಮೆ ಇಲ್ಲ. ಬೆಟ್ಟದ ಚೂಪು ತುದಿಯ ಸಣ್ಣ ಹೆಲಿಪ್ಯಾಡ್‌ನಲ್ಲಿ, ಹಗ್ಗದಲ್ಲಿ ಎತ್ತುವಾಗ, ಮರಗಳ ನಡುವೆ ಇಳಿಯುವಾಗ ಈ ಸಹಾಯವನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಚಾರ್ಟ್‌ನಲ್ಲಿ ನೆಲದ ಸಹಾಯ ಇಲ್ಲದ ಹೋವರ್‌ನ ಗೆರೆಯನ್ನೇ ಓದಿ.

ದಾಖಲೆಗಳನ್ನೂ ಪಕ್ಕಕ್ಕಿಡಿ. ನಮ್ಮ ಸೇನೆಯ ಹಳೆಯ ಹಗುರ ಹೆಲಿಕಾಪ್ಟರ್ ಚೀತಾದ ಮೂಲ ರೂಪವಾದ ಲಾಮಾ 1972ರಲ್ಲಿ 12,442 ಮೀಟರ್ ಏರಿತು. ಎಎಸ್ 350 ಬಿ3 ಎಂಬ ಹೆಲಿಕಾಪ್ಟರ್ 2005ರಲ್ಲಿ ಎವರೆಸ್ಟ್ ತುದಿಯಲ್ಲೇ ಇಳಿಯಿತು. ಎರಡೂ ನಿಜ, ಎರಡೂ ದೊಡ್ಡ ಸಾಧನೆ. ಆದರೆ ಇಬ್ಬರು ಪೈಲಟ್, ಇಂಧನ, ರೇಡಿಯೊ, ಸ್ಟ್ರೆಚರ್ ಎಲ್ಲ ಹೊತ್ತು ಮಾಡಿದ್ದಲ್ಲ. ಅದೇ ಚೀತಾ ಸಿಯಾಚಿನ್‌ನ ಅತಿ ಎತ್ತರದ ಪೋಸ್ಟ್‌ಗಳಿಗೆ ಒಂದು ಸಲಕ್ಕೆ ಒಂದು ಸೀಮೆಎಣ್ಣೆ ಕ್ಯಾನ್‌ನಷ್ಟು ಭಾರ ಮಾತ್ರ ಒಯ್ದ ದಿನಗಳಿವೆ. ಎಂಜಿನ್ ಆರಿಸದೆ, ಅರೆ ನಿಮಿಷದಲ್ಲಿ ಕ್ಯಾನ್ ಇಳಿಸಿ, ವಾಪಸ್. ದಾಖಲೆಗೂ ದಿನದ ಕೆಲಸಕ್ಕೂ ಇರುವ ದೂರ ಅದು.

ಹಂತ 3: ಕಳೆಯುವ ಲೆಕ್ಕ

ಈ ಹಂತ ಬಿಟ್ಟ ಹಾಳೆಯನ್ನು ನಾನು ಓದುವುದೇ ಇಲ್ಲ. ಒಂದು ಕಾಲ್ಪನಿಕ ಯಂತ್ರ ತೆಗೆದುಕೊಳ್ಳೋಣ, ಅಂಕಿಗಳು ಅಭ್ಯಾಸಕ್ಕೆ ಮಾತ್ರ.

ಗರಿಷ್ಠ ಟೇಕಾಫ್ ಭಾರ 3000 ಕೆಜಿ. ಖಾಲಿ ಭಾರ 1850. ಇಬ್ಬರು ಪೈಲಟ್‌ಗಳು ಬಟ್ಟೆ, ಹೆಲ್ಮೆಟ್ ಸೇರಿ 180. ರೇಡಿಯೊ, ಹಗ್ಗದ ಯಂತ್ರ, ಸೀಟಿನ ಕವಚ ಇತ್ಯಾದಿ 150. ಇಂಧನ ಗಂಟೆಗೆ 150 ಕೆಜಿ ಉರಿಯುತ್ತದೆ ಅಂತ ಇಟ್ಟುಕೊಂಡರೆ ಒಂದೂವರೆ ಗಂಟೆಗೆ 225, ಮೇಲೆ ಅರ್ಧ ಗಂಟೆಯ ಮೀಸಲು 75, ಒಟ್ಟು 300. ಇವನ್ನೆಲ್ಲ ಕೂಡಿಸಿದರೆ 2480. ಮೂರು ಸಾವಿರದಲ್ಲಿ ಕಳೆದರೆ 520 ಕೆಜಿ ಉಳಿಯಿತು. ಹತ್ತು ಅಕ್ಕಿ ಗೋಣಿಗಿಂತ ಜಾಸ್ತಿ! ಇಲ್ಲಿಗೆ ಪೆನ್ನು ಕೆಳಗಿಡುವವರೇ ಹೆಚ್ಚು.

ಮುಂದೆ ಹೋಗಿ. ಹಂತ 2ರಲ್ಲಿ ಸಿಕ್ಕಿದ ಎತ್ತರಕ್ಕೆ ಚಾರ್ಟ್ ನೋಡಿದಾಗ ನೆಲದ ಸಹಾಯ ಇಲ್ಲದೆ ನಿಲ್ಲಬಲ್ಲ ಭಾರ 2600 ಮಾತ್ರ ಅಂತ ಬಂತು ಅಂದುಕೊಳ್ಳಿ. ಈಗ 2600ರಲ್ಲಿ 2480 ಕಳೆದರೆ 120. ಗಾಯಾಳು 75, ಸಹಾಯಕ 80, ಸ್ಟ್ರೆಚರ್ ಮತ್ತು ಆಕ್ಸಿಜನ್ 25, ಒಟ್ಟು 180 ಬೇಕು. 60 ಕೆಜಿ ಸಾಲದು.

ಇಲ್ಲಿ ಇನ್ನೊಂದು ಬಗೆಯ ತಪ್ಪಾಗುತ್ತದೆ. ಈ ಯಂತ್ರ ಆಗುವುದಿಲ್ಲ ಅಂತ ಹೊಡೆದು ಹಾಕುತ್ತಾರೆ. ಹೋದ ವರ್ಷ ಒಬ್ಬಳು ಹುಡುಗಿ ನೋಟ್‌ಬುಕ್ ತಿರುಗಿಸಿ ತೋರಿಸಿ, "ಅಣ್ಣಾ, ಅಲ್ಲಿ ತಲುಪುವಾಗ ಅರ್ಧ ಗಂಟೆಯ ಇಂಧನ ಉರಿದು ಹೋಗಿರುತ್ತದೆ ಅಲ್ವಾ?" ಅಂತ ಕೇಳಿದಳು. ಮೂರು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಸರಿಯಾದ ಮಾತು. ಗಾಯಾಳುವನ್ನು ಹತ್ತಿಸುವಾಗ ಟ್ಯಾಂಕ್‌ನಲ್ಲಿ 300 ಇರುವುದಿಲ್ಲ, 225 ಇರುತ್ತದೆ. 75 ಕೆಜಿ ವಾಪಸ್ ಸಿಕ್ಕಿತು. ಉಳಿಯುವುದು 195, ಬೇಕಾದ್ದು 180. ಆಯಿತು.

ಆದರೆ ಕೈಯಲ್ಲಿ ಉಳಿದದ್ದು 15 ಕೆಜಿ. ಗಾಯಾಳು 75ರ ಬದಲು 85 ಕೆಜಿ ಇದ್ದರೆ, ಒದ್ದೆ ಬೂಟು, ಒದ್ದೆ ಕೋಟು ಸೇರಿದರೆ ಅದು ಮುಗಿಯಿತು. ಹಿಂದಿನಿಂದ ಗಾಳಿ ಬೀಸಿದರೂ ಸಾಕು, ಚಾರ್ಟ್ ಹೇಳಿದಷ್ಟು ಶಕ್ತಿ ಉಳಿಯುವುದಿಲ್ಲ. ಹಾಗಾಗಿ ಹಾಳೆಯಲ್ಲಿ "ಆಗುತ್ತದೆ" ಅಂತ ಬರೆಯಬೇಡಿ. "ಬೆಳಗ್ಗೆ ತಂಪಿನಲ್ಲಿ, ಹಗ್ಗದ ಯಂತ್ರ ಬಿಚ್ಚಿಟ್ಟು ಹೋದರೆ ಆಗುತ್ತದೆ" ಅಂತ ಬರೆಯಿರಿ. ಕೇಳಿದವರಿಗೆ ಉಪಯೋಗಕ್ಕೆ ಬರುವ ಉತ್ತರ ಅದು.

ಇದೇ ಹಂತದ ಸಣ್ಣ ತಪ್ಪುಗಳು ಒಂದೆರಡಲ್ಲ. ಲೀಟರ್ ಮತ್ತು ಕೆಜಿ ಬೆರೆಸುವುದು: ಜೆಟ್ ಇಂಧನ ಒಂದು ಲೀಟರ್‌ಗೆ ಸುಮಾರು 0.8 ಕೆಜಿ, 300 ಕೆಜಿ ಅಂದರೆ 375 ಲೀಟರ್. ಆ 375ನ್ನು ಕೆಜಿ ಅಂತ ಬರೆದವರಿದ್ದಾರೆ. ಖಾಲಿ ಭಾರವನ್ನು ಬ್ರೋಷರ್‌ನಿಂದ ತೆಗೆಯುವುದು: ಅದು ಬರೀ ಯಂತ್ರದ್ದು, ಸೇನೆಯ ಸಾಮಾನು ಅದರಲ್ಲಿ ಇಲ್ಲ. ಜವಾನನನ್ನು 70 ಕೆಜಿ ಅಂತ ಹಿಡಿಯುವುದು: ಬಂದೂಕು, ಚೀಲ, ನೀರು, ಬೂಟು ಸೇರಿ 100 ಹಿಡಿಯಿರಿ.

ಬೇರೆ ಬೇರೆ ಗಾತ್ರದವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಗರಿಷ್ಠ ಟೇಕಾಫ್ ಭಾರ ನೋಡಿದರೆ ಚೀತಾ ಸುಮಾರು 1950 ಕೆಜಿ, ಎಲ್‌ಯುಎಚ್ 3150, ಯುರೋಪಿನ ಏರ್‌ಬಸ್ ಕಂಪನಿಯ ಎಚ್145ಎಂ 3800. ಇಲ್ಲಿವರೆಗೆ ಒಂದೇ ಕುಟುಂಬ ಅಂತ ಹೇಳಬಹುದು. ಎಚ್‌ಎಎಲ್‌ನದ್ದೇ ಆದ ಧ್ರುವ್ ಐದು ಟನ್ ದಾಟಿದ್ದು, ಅದನ್ನು ಇವುಗಳ ಜೊತೆ ಇಟ್ಟು ಅದೇ ಜಾಸ್ತಿ ಹೊರುತ್ತದೆ ಅಂತ ಬರೆಯುವುದರಲ್ಲಿ ಅರ್ಥವಿಲ್ಲ.

ಹಂತ 4: ಎಂಜಿನ್ ಒಂದೋ ಎರಡೋ

ಎರಡು ಎಂಜಿನ್ ಇದ್ದರೆ ಎರಡರಷ್ಟು ಸುರಕ್ಷೆ ಅಂತ ಎಲ್ಲರೂ ಬರೆಯುತ್ತಾರೆ. ಅಷ್ಟು ನೇರ ಅಲ್ಲ.

ಕಡಲ ಮೇಲೆ, ಊರಿನ ಮೇಲೆ, ಕಾಡಿನ ಮೇಲೆ ರಾತ್ರಿ ಹಾರುವುದಾದರೆ ಎರಡು ಬೇಕು. ಒಂದು ನಿಂತರೂ ಇನ್ನೊಂದರಲ್ಲಿ ಮನೆ ಸೇರಬಹುದು. ಆದರೆ 5000 ಮೀಟರ್‌ನಲ್ಲಿ ಪೂರ್ತಿ ಭಾರ ಹೊತ್ತು ಹೋವರ್ ಮಾಡುತ್ತಿರುವಾಗ ಒಂದು ಎಂಜಿನ್ ನಿಂತರೆ ಉಳಿದ ಒಂದಕ್ಕೆ ಆ ಭಾರ ಹಿಡಿದಿಡಲು ಸಾಮಾನ್ಯವಾಗಿ ಆಗುವುದಿಲ್ಲ. ಎರಡನೆಯ ಎಂಜಿನ್‌ನ ಭಾರವನ್ನು ಮಾತ್ರ ಪ್ರತಿ ಹಾರಾಟದಲ್ಲೂ ಹೊರಬೇಕು. ಚೀತಾ, ಎಲ್‌ಯುಎಚ್ ಎರಡೂ ಒಂದೇ ಎಂಜಿನ್‌ನವು. ಎಚ್145ಎಂ, ರಷ್ಯಾದ ಕಾಮೋವ್ ಕಾ-226ಟಿ ಎರಡು ಎಂಜಿನ್‌ನವು.

ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಜಾಗದಲ್ಲಿ, ನಮ್ಮ ಭಾರದಲ್ಲಿ, ಒಂದು ಎಂಜಿನ್ ಹೋದರೆ ಮುಂದೇನು? ಒಂದೇ ಎಂಜಿನ್‌ನದ್ದಾದರೆ ಆಟೊರೊಟೇಶನ್‌ನಲ್ಲಿ, ಅಂದರೆ ಕೆಳಗಿನಿಂದ ನುಗ್ಗುವ ಗಾಳಿಗೆ ರೋಟರ್ ತಿರುಗುತ್ತಲೇ ಇಳಿಯಲು, ದಾರಿಯಲ್ಲಿ ಬಯಲು ಇದೆಯೇ ನೋಡಿ. ಎತ್ತರ ಮತ್ತು ವೇಗದ ಯಾವ ಜೋಡಿಯಲ್ಲಿ ಹಾಗೆ ಇಳಿಯಲು ಆಗುವುದಿಲ್ಲ ಅಂತ ಮ್ಯಾನುಯಲ್‌ನಲ್ಲಿ ಒಂದು ಚಿತ್ರ ಇರುತ್ತದೆ. ನಿಮ್ಮ ಕೆಲಸ ಆ ಚಿತ್ರದ ಅಪಾಯದ ಭಾಗದಲ್ಲೇ ಎಷ್ಟು ಹೊತ್ತು ಇರುತ್ತದೆ ಅಂತ ಬರೆಯಿರಿ.

ಹಂತ 5: ಬಾಗಿಲು, ನೆಲ, ಕಾಲು, ಬಾಲ

ಇದನ್ನು ಕಾಗದದಲ್ಲಿ ಮಾಡಬೇಡಿ, ಅಂಗಳದಲ್ಲಿ ಮಾಡಿ.

ನಾವು ವಾಚನಾಲಯದ ಅಂಗಳದಲ್ಲಿ ಸೀಮೆಸುಣ್ಣದಿಂದ ಕ್ಯಾಬಿನ್‌ನ ನೆಲವನ್ನು ಪೂರ್ತಿ ಅಳತೆಗೆ ಬರೆದೆವು. ಬಾಗಿಲಿನ ಅಗಲಕ್ಕೆ ಎರಡು ಕುರ್ಚಿ ಇಟ್ಟೆವು. ಸೇನೆಯ ಸ್ಟ್ರೆಚರ್ ಸುಮಾರು 2.3 ಮೀಟರ್ ಉದ್ದ, ಅಷ್ಟಕ್ಕೆ ಎರಡು ಬಿದಿರು ಕತ್ತರಿಸಿ ನಡುವೆ ಗೋಣಿ ಕಟ್ಟಿದೆವು. ಅದರ ಮೇಲೆ ಒಬ್ಬ ಹುಡುಗ ಮಲಗಿದ. ನಾಲ್ಕು ಜನ ಎತ್ತಿಕೊಂಡು ಬಂದರು. ಮೊದಲ ಸಲ ಬಿದಿರಿನ ತುದಿ ಕುರ್ಚಿಗೆ ತಾಗಿತು. ಎರಡನೆಯ ಸಲ ಓರೆ ಮಾಡಿ ನುಗ್ಗಿಸಿದರು, ಹುಡುಗ ಜಾರಿ ಬೀಳುವುದರಲ್ಲಿದ್ದ. ಮೂರನೆಯ ಸಲ ಒಳಗೆ ಹೋಯಿತು. ಆಮೇಲೆ ನೋಡಿದರೆ ಸಹಾಯಕನಿಗೆ ಕೂರಲು ಉಳಿದ ಜಾಗ ಗಾಯಾಳುವಿನ ಕಾಲಿನ ಹತ್ತಿರ. ಆಕ್ಸಿಜನ್ ಹಿಡಿಯಬೇಕಾದ್ದು ತಲೆಯ ಹತ್ತಿರ. "ಎರಡು ಸ್ಟ್ರೆಚರ್ ಹಿಡಿಯುತ್ತದೆ" ಅಂತ ಕಾಗದದಲ್ಲಿ ಬರೆದ ಒಂದು ಸಾಲಿನ ಅರ್ಥ ಆ ದಿನ ಎಲ್ಲರಿಗೂ ಗೊತ್ತಾಯಿತು.

ಅಂಗಳದಲ್ಲೇ ಇನ್ನೂ ಮೂರು ವಿಷಯ ನೋಡಿ. ಹಿಂದಿನಿಂದ ತೆರೆಯುವ ಬಾಗಿಲಿದ್ದರೆ ಸ್ಟ್ರೆಚರ್‌ಗೆ ಒಳ್ಳೆಯದು, ಆದರೆ ಹತ್ತಿಸುವವರು ಬಾಲದ ರೋಟರ್ ಹತ್ತಿರ ಹೋಗಬೇಕಾಗುತ್ತದೆ. ಬಾಲದ ರೋಟರ್ ತೆರೆದದ್ದೋ, ಎಚ್145ಎಂನಂತೆ ಚೌಕಟ್ಟಿನೊಳಗೆ ಇರುವುದೋ, ಕಾ-226ಟಿಯಂತೆ ಒಂದರ ಮೇಲೊಂದು ಎರಡು ರೋಟರ್ ಇದ್ದು ಬಾಲದಲ್ಲಿ ರೋಟರೇ ಇಲ್ಲದ್ದೋ ಬರೆಯಿರಿ. ಇಳಿಜಾರಿನಲ್ಲಿ ಇಳಿದರೆ ಮೇಲಿನ ಬದಿಯಲ್ಲಿ ದೊಡ್ಡ ರೋಟರ್ ನೆಲಕ್ಕೆ ಹತ್ತಿರ ಬರುತ್ತದೆ. ಆ ಬದಿಯಿಂದ ಯಾರೂ ಬರಬಾರದು.

ಕಾಲಿಗೆ ಸ್ಕಿಡ್, ಅಂದರೆ ಉದ್ದ ಕೊಳವೆಗಳು ಇದ್ದರೆ ಹಗುರ, ಸರಳ, ಗದ್ದೆ ಬಯಲಿನಲ್ಲೂ ಇಳಿಯುತ್ತದೆ. ಚಕ್ರ ಇದ್ದರೆ ನೆಲದಲ್ಲಿ ತಳ್ಳಲು, ಹ್ಯಾಂಗರ್ ಒಳಗೆ ಸೇರಿಸಲು ಸುಲಭ. ಹಡಗಿನ ಕೆಲಸ ಪಟ್ಟಿಯಲ್ಲಿದ್ದರೆ ರೋಟರ್‌ನ ರೆಕ್ಕೆ ಮಡಚಲು ಬರುತ್ತದೆಯೇ ಅಂತ ಮೊದಲು ಕೇಳಿ. ಇಲ್ಲ ಎಂದಾದರೆ ಹಡಗಿನ ಹ್ಯಾಂಗರ್‌ಗೆ ಅದು ಹಿಡಿಯುವುದು ಕಷ್ಟ.

ಹಂತ 6: ಧೂಳು, ಉಪ್ಪು, ಬಿಸಿಲು

ನಮ್ಮ ಪದವಿನ (ಮುರಕಲ್ಲಿನ ಬಯಲಿನ) ಮೇಲೆ ಮಾರ್ಚ್‌ನಲ್ಲಿ ಒಂದು ಲಾರಿ ಹೋದರೆ ಏಳುವ ಕೆಂಪು ಧೂಳು ಗೊತ್ತಲ್ಲ. ಹೆಲಿಕಾಪ್ಟರ್ ಇಳಿಯುವಾಗ ಅದರ ನೂರು ಪಾಲು ಏಳುತ್ತದೆ, ಕೊನೆಯ ಕೆಲವು ಅಡಿಗಳಲ್ಲಿ ಪೈಲಟ್‌ಗೆ ನೆಲವೇ ಕಾಣುವುದಿಲ್ಲ. ಧೂಳು ಎಂಜಿನ್ ಒಳಗೆ ಹೋಗದ ಹಾಗೆ ಫಿಲ್ಟರ್ ಹಾಕಬಹುದು, ಆದರೆ ಫಿಲ್ಟರ್ ಸ್ವಲ್ಪ ಶಕ್ತಿ ತಿನ್ನುತ್ತದೆ. ಫಿಲ್ಟರ್ ಹಾಕಿದ ಮೇಲಿನ ಚಾರ್ಟ್ ಬೇರೆ ಇರುತ್ತದೆ. ಹಂತ 3ರ ಲೆಕ್ಕವನ್ನು ಅದರಲ್ಲಿ ಮಾಡಬೇಕು.

ಕಡಲ ಹತ್ತಿರದ ಮನೆಯ ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ಮಂಜೇಶ್ವರ, ಉಪ್ಪಳದವರಿಗೆ ಹೇಳಬೇಕಾಗಿಲ್ಲ. ಉಪ್ಪು ಗಾಳಿಯಲ್ಲಿ ಹಾರುವ ಯಂತ್ರದ ಎಂಜಿನ್ ಕಂಪ್ರೆಸರ್ ಅನ್ನು ಮತ್ತೆ ಮತ್ತೆ ಸಿಹಿನೀರಿನಲ್ಲಿ ತೊಳೆಯಬೇಕು. ಅದಕ್ಕೆ ನೀರು, ಜನ, ಸಮಯ ಮೂರನ್ನೂ ಲೆಕ್ಕದಲ್ಲಿ ಸೇರಿಸಿ.

ಬಿಸಿಲನ್ನು ಎಂಜಿನ್ ಲೆಕ್ಕದಲ್ಲೇ ಮುಗಿಸಬೇಡಿ. 2007ರಲ್ಲಿ ಲಕೋಟಾವನ್ನು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಪರೀಕ್ಷಿಸಿದಾಗ ಒಳಗಿನ ಬಿಸಿಯೇ ದೊಡ್ಡ ತೊಂದರೆಯಾಯಿತು, ಆಮೇಲೆ ಎಸಿ ಕೂರಿಸುವ ಏರ್ಪಾಟು ಮಾಡಬೇಕಾಯಿತು. ಎಸಿಗೂ ಭಾರ ಇದೆ. ಅದಕ್ಕೇ ಪರೀಕ್ಷೆ ಎಲ್ಲಿ ಮಾಡಿದ್ದು, ಯಾವ ತಿಂಗಳು ಅಂತ ಕೇಳುವುದು ಮುಖ್ಯ. ಎಲ್‌ಯುಎಚ್‌ನ ಬಿಸಿ ಹವೆಯ ಪರೀಕ್ಷೆ ನಾಗ್ಪುರದಲ್ಲಿ, ಚಳಿಯದ್ದು ಲೇಹ್‌ನಲ್ಲಿ, ಕಡಲ ಮಟ್ಟದ್ದು ಚೆನ್ನೈ ಮತ್ತು ಪುದುಚೇರಿಯಲ್ಲಿ ಆಯಿತು. ಹೀಗೆ ಜಾಗದ ಹೆಸರು ಹೇಳಿದರೆ ನಂಬಬಹುದು. "ಕಠಿಣ ಪರಿಸರದಲ್ಲಿ ಪರೀಕ್ಷಿತ" ಅಂತ ಮಾತ್ರ ಇದ್ದರೆ ಅದು ಎಚ್ಚರಿಕೆಯ ಗಂಟೆ.

ಹಂತ 7: ಸೇನೆಯ ಸಾಮಾನು ಸೇರಿಸಿ, ಮತ್ತೆ ಹಂತ 3ಕ್ಕೆ ಹೋಗಿ

ಗೂಢಲಿಪಿಯ ರೇಡಿಯೊ, ರಾತ್ರಿ ಕನ್ನಡಕಕ್ಕೆ ಹೊಂದುವ ಕಾಕ್‌ಪಿಟ್ ದೀಪ, ಕ್ಷಿಪಣಿ ಬರುತ್ತಿದೆ ಅಂತ ಎಚ್ಚರಿಸುವ ಸಾಧನ, ಕವಚದ ಸೀಟು, ಕ್ಯಾಮೆರಾ, ತಂತಿ ಕತ್ತರಿಸುವ ಬ್ಲೇಡು. ಬಿದ್ದರೆ ಒಡೆಯದ ಟ್ಯಾಂಕ್ ಮತ್ತು ಪೆಟ್ಟು ತಡೆಯುವ ಸೀಟು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಎಲ್ಲದರ ಪಕ್ಕದಲ್ಲೂ ಕೆಜಿ ಬರೆಯಿರಿ. ಕೂಡಿಸಿ. ಹಂತ 3ರ 150 ಕೆಜಿ ಜಾಗಕ್ಕೆ ಈ ಹೊಸ ಮೊತ್ತ ಹಾಕಿ ಮತ್ತೆ ಲೆಕ್ಕ ಮಾಡಿ. ಆಗ ಏನನ್ನು ಬಿಚ್ಚಿಡಬಹುದು, ಏನನ್ನು ಬಿಚ್ಚಲೇಬಾರದು ಅಂತ ನಿಮಗೇ ಗೊತ್ತಾಗುತ್ತದೆ.

ಹಂತ 8: ನಾಳೆ ಬೆಳಗ್ಗೆ ಎಷ್ಟು ಹಾರುತ್ತವೆ

ಹತ್ತು ಹೆಲಿಕಾಪ್ಟರ್ ಇವೆ ಅಂದರೆ ಹತ್ತು ಹಾರುತ್ತವೆ ಅಂತಲ್ಲ. ಒಂದೋ ಎರಡೋ ದೊಡ್ಡ ರಿಪೇರಿಯಲ್ಲಿ, ಒಂದು ಬಿಡಿಭಾಗಕ್ಕೆ ಕಾಯುತ್ತಾ ನಿಂತಿರುತ್ತದೆ. ನಾನು ಕೆಲಸದಲ್ಲಿದ್ದಾಗ ಅಂಗೈಯಷ್ಟು ದೊಡ್ಡ ಒಂದು ಬೇರಿಂಗ್ ಬರದೆ ಪೂರ್ತಿ ಯಂತ್ರ ವಾರಗಟ್ಟಲೆ ಟಾರ್ಪಾಲ್ ಹೊದ್ದು ನಿಂತದ್ದು ನೋಡಿದ್ದೇನೆ. ಅದೇ ವಾರ ಅದು ಬೇಕಾಗಿತ್ತು.

ಹಾಗಾಗಿ ಈ ಪ್ರಶ್ನೆಗಳನ್ನು ಕೇಳಿ. ಎಂಜಿನ್ ಎಷ್ಟು ಗಂಟೆಗೊಮ್ಮೆ ಬಿಚ್ಚಬೇಕು? ಬಿಚ್ಚಿದ್ದನ್ನು ದೇಶದೊಳಗೇ ಸರಿ ಮಾಡಬಹುದೇ? ಬಯಲಿನಲ್ಲಿ, ಕ್ರೇನ್ ಇಲ್ಲದೆ, ಕೈಗವಸು ಹಾಕಿಕೊಂಡು ಏನೇನು ಬದಲಿಸಬಹುದು? ಒಂದು ಗಂಟೆ ಹಾರಲು ನೆಲದಲ್ಲಿ ಎಷ್ಟು ಗಂಟೆ ಕೆಲಸ? ಕೊಳ್ಳುವ ಬೆಲೆ ಒಂದನ್ನೇ ಹೋಲಿಸುವುದು ದೊಡ್ಡ ತಪ್ಪು. ಇಪ್ಪತ್ತು ಮೂವತ್ತು ವರ್ಷ ಸಾಕುವ ಖರ್ಚು ಅದಕ್ಕಿಂತ ಜಾಸ್ತಿ.

ಇನ್ನೊಂದು ವಿಷಯ, ಯಾವಾಗ ಸಿಗುತ್ತದೆ? ನಮ್ಮ ಸೇನೆಗೆ 197 ಹೆಲಿಕಾಪ್ಟರ್ ಕೊಳ್ಳುವ ಪ್ರಯತ್ನ 2007ರಲ್ಲಿ ರದ್ದಾಯಿತು, ಮತ್ತೆ ಕರೆದ ಟೆಂಡರ್ 2014ರಲ್ಲಿ ರದ್ದಾಯಿತು. 200 ಕಾ-226ಟಿಗೆ 2015ರಲ್ಲಿ ರಷ್ಯಾ ಜೊತೆ ಒಪ್ಪಂದವಾದರೂ ಯಂತ್ರ ಬರಲಿಲ್ಲ. 2016ರ ಸೆಪ್ಟೆಂಬರ್ 6ರಂದು ಮೊದಲು ಹಾರಿದ ಎಲ್‌ಯುಎಚ್‌ಗಾಗಿ ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ 615 ಎಕರೆಯ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವಾಲಯ ಸೇನೆಗೆ 120, ವಾಯುಪಡೆಗೆ 80 ಹೀಗೆ ಮತ್ತೆ 200 ಯಂತ್ರಗಳ ಬಗ್ಗೆ ಮಾಹಿತಿ ಕೇಳಿತು. ಇಷ್ಟೂ ವರ್ಷ ಮೇಲಿನ ಪೋಸ್ಟ್‌ಗಳಿಗೆ ಹೋಗಿ ಬಂದದ್ದು ಹೆಚ್ಚಾಗಿ ಚೀತಾ, ಚೇತಕ್ ಎಂಬ ಹಳೆಯ ಹೆಲಿಕಾಪ್ಟರ್‌ಗಳೇ. ಹಾಗಾಗಿ ನಿಮ್ಮ ಹಾಳೆಯಲ್ಲಿ "ಹೊಸದು ಬರುವವರೆಗೆ ಏನು ಹಾರುತ್ತದೆ" ಎಂಬ ಸಾಲು ಇರಲೇಬೇಕು.

ಹಂತ 9: ಅಂಕ ಹಾಕುವ ಕ್ರಮ

ಈಗ ಮಾತ್ರ ಟೇಬಲ್ ಮಾಡಿ. ಮೊದಲ ಸುತ್ತಿನಲ್ಲಿ ಅಂಕ ಇಲ್ಲ, ಆಗುತ್ತದೆ ಅಥವಾ ಆಗುವುದಿಲ್ಲ ಅಷ್ಟೇ. ಹಂತ 1ರ ಕಷ್ಟದ ಕೆಲಸ ಮಾಡಲಾಗದ್ದು ಹೊರಗೆ. ಇದನ್ನು ಬಿಟ್ಟು ಸರಾಸರಿ ತೆಗೆದರೆ, ಎತ್ತರಕ್ಕೆ ಏರಲಾಗದ ಯಂತ್ರ ಸೀಟು ಮೆತ್ತಗಿದೆ, ವೇಗ ಜಾಸ್ತಿ ಇದೆ ಅಂತ ಅಂಕ ಸೇರಿಸಿಕೊಂಡು ಗೆದ್ದುಬಿಡುತ್ತದೆ. ಎರಡು ಗುಂಪುಗಳ ಹಾಳೆಯಲ್ಲಿ ಹೀಗೇ ಆಯಿತು.

ಸರಕಾರದ ಖರೀದಿಯಲ್ಲೂ ಕ್ರಮ ಹೀಗೇ ಇದೆ. ತಾಂತ್ರಿಕ ಪರಿಶೀಲನೆ, ಬಯಲು ಪರೀಕ್ಷೆ ಎರಡರಲ್ಲೂ ಪಾಸಾದವರ ಬೆಲೆಯ ಲಕೋಟೆ ಮಾತ್ರ ತೆರೆಯುತ್ತಾರೆ. ನಿಮ್ಮ ಎರಡನೆಯ ಸುತ್ತಿಗೆ ಯಾವುದಕ್ಕೆ ಎಷ್ಟು ಅಂಕ ಅಂತ ಯಂತ್ರಗಳ ಹೆಸರು ನೋಡುವ ಮೊದಲೇ ಬರೆದು ಸಹಿ ಹಾಕಿ. ಹೆಸರು ನೋಡಿದ ಮೇಲೆ ಮನಸ್ಸು ವಾಲುತ್ತದೆ.

ಹಂತ 10: ಪರೀಕ್ಷೆಯ ಯೋಜನೆ ಬರೆಯಿರಿ

ಹಾರಿಸಿ ನೋಡಲು ನಮಗೆ ಆಗುವುದಿಲ್ಲ, ಆದರೆ ಹೇಗೆ ಹಾರಿಸಿ ನೋಡಬೇಕು ಅಂತ ಬರೆಯಬಹುದು. ಎಲ್ಲ ಯಂತ್ರಗಳೂ ಒಂದೇ ಹೆಲಿಪ್ಯಾಡ್, ಒಂದೇ ಹೊತ್ತು, ಒಂದೇ ಭಾರ. ಭಾರವನ್ನು ತಕ್ಕಡಿಯಲ್ಲಿ ತೂಗಿ ಹತ್ತಿಸಬೇಕು, ಬಾಯಿ ಮಾತಿನಲ್ಲಿ ಅಲ್ಲ. ಇಂಧನ ಹಾರುವ ಮೊದಲು ಎಷ್ಟು, ಇಳಿದ ಮೇಲೆ ಎಷ್ಟು. ತಂದದ್ದು ಮಾರಾಟದ ಯಂತ್ರವೋ ಅಥವಾ ಸೀಟು, ಕವಚ ಬಿಚ್ಚಿ ಹಗುರ ಮಾಡಿದ್ದೋ ಅಂತ ಬಾಗಿಲು ತೆರೆದು ನೋಡಬೇಕು. ರಾತ್ರಿ ಹೊರಗೆ ನಿಲ್ಲಿಸಿ ಬೆಳಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿಸಬೇಕು. ಕಂಪನಿಯ ಪೈಲಟ್ ಹಾರಿಸಿದ ಮೇಲೆ ಅಲ್ಲೇ ದಿನಾ ಹಾರುವ ಸೇನೆಯ ಪೈಲಟ್ ಹಾರಿಸಬೇಕು, ಇಬ್ಬರ ಅಂಕಿಗಳೂ ಪಕ್ಕಪಕ್ಕದಲ್ಲಿ ಇರಬೇಕು.

ಹಾಳೆ ಮುಗಿದ ಮೇಲೆ ಯಂತ್ರದ ಹೆಸರುಗಳನ್ನು ಕಾಗದದಿಂದ ಮುಚ್ಚಿ, ಲೆಕ್ಕವನ್ನು ಇನ್ನೊಂದು ಗುಂಪಿಗೆ ಕೊಡಿ. ಅವರೂ ಹಂತ 2ರಿಂದ ಶುರು ಮಾಡಿ ಲೆಕ್ಕ ಹಾಕಲಿ. ಎರಡು ಗುಂಪಿನ ಉಳಿಕೆ ಭಾರ 10 ಕೆಜಿಗಿಂತ ಜಾಸ್ತಿ ಬೇರೆ ಬಂದರೆ ಎಲ್ಲೋ ಲೀಟರ್ ಕೆಜಿಯಾಗಿದೆ, ಇಲ್ಲವೇ ಯಾರೋ ನೆಲದ ಸಹಾಯ ಇರುವ ಗೆರೆಯನ್ನು ಓದಿದ್ದಾರೆ. ಆ ಎರಡು ಜಾಗ ಮೊದಲು ನೋಡಿ. ಬರುವ ಭಾನುವಾರ ಬರುವಾಗ ಭೂಪಟ ಮತ್ತು ಹಂತ 3ರ ಹಾಳೆ ಮರೆಯಬೇಡಿ. ಬಿದಿರಿನ ಸ್ಟ್ರೆಚರ್ ವಾಚನಾಲಯದ ಹಿಂದೆ ಇದೆ.